ಒಂದು ವಿಳಾಸ, ಆರು ಫೈಲು: ಡೇಟಾಬೇಸ್ ಸೆಟ್ಟಿಂಗ್ ಎಲ್ಲಿಡಬೇಕು ಅನ್ನುವ ಹಳೇ ಗೋಜಲು

ದಾವಣಗೆರೆಯ ಸಣ್ಣ ಸಾಫ್ಟ್‌ವೇರ್ ಆಫೀಸುಗಳಿಗೆ ಬರುವ ಕೆಲಸ ಬಹುಪಾಲು ಇಂಥದ್ದು: ಮಂಡಿಪೇಟೆಯ ವರ್ತಕರ ಬಿಲ್ಲಿಂಗ್, ಪತ್ತಿನ ಸಹಕಾರ ಸಂಘದ ಠೇವಣಿ-ಸಾಲದ ಲೆಕ್ಕ, ಕಾಲೇಜಿನ ಫೀ, ನರ್ಸಿಂಗ್ ಹೋಮಿನ ರಸೀದಿ. ಮೊದಲು ಒಂದೇ ಪ್ರೋಗ್ರಾಂ ಇರುತ್ತದೆ. ವರ್ಷ ಕಳೆದಂತೆ ಅದರ ಪಕ್ಕ ಮೆಸೇಜ್ ಕಳಿಸುವುದೊಂದು, ರಿಪೋರ್ಟಿಗೊಂದು, ವೆಬ್‌ಸೈಟಿಗೊಂದು, ಮೊಬೈಲ್ ಆ್ಯಪಿಗೊಂದು ಹುಟ್ಟಿಕೊಳ್ಳುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಇನ್ನೊಂದು ಸೇರಿತು. ಇಷ್ಟಕ್ಕೂ ಡೇಟಾಬೇಸ್ ಮಾತ್ರ ಒಂದೇ.

ಆ ಡೇಟಾಬೇಸ್ ಯಾವ ಮಷಿನ್ನಿನಲ್ಲಿದೆ, ಒಳಗೆ ಹೋಗಲು ಯಾವ ಯೂಸರ್, ಏನು ಪಾಸ್‌ವರ್ಡ್ ಅಂತ ಹೇಳುವ ಸಾಲಿಗೆ ಕನೆಕ್ಷನ್ ಸ್ಟ್ರಿಂಗ್ ಅನ್ನುತ್ತಾರೆ. ಅದನ್ನು ಪ್ರತಿ ಪ್ರಾಜೆಕ್ಟಿನಲ್ಲೂ ಬರೆಯಬೇಕಾ, ಎಲ್ಲಕ್ಕೂ ಸೇರಿ ಒಂದೇ ಕಡೆ ಇಡಬೇಕಾ? ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಇದನ್ನು ಕೇಳುತ್ತಾರೆ. ಆಫೀಸಿನ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ಅವರವರು ಕೆಲಸ ಕಲಿತ ಕಾಲದಲ್ಲಿ ಅವರವರ ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ಇದು ಇಷ್ಟು ಗೋಜಲು.

ಫಾಕ್ಸ್‌ಪ್ರೊ ಅನ್ನುವ ಹಳೇ ಡೇಟಾಬೇಸ್ ಸಾಫ್ಟ್‌ವೇರಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಡೇಟಾ ಅಂದರೆ ಒಂದು ಫೋಲ್ಡರಿನೊಳಗಿನ ಫೈಲುಗಳು. ಆ ಫೋಲ್ಡರಿನ ದಾರಿ ಗೊತ್ತಿದ್ದರೆ ಮುಗಿಯಿತು.

1992ರಲ್ಲಿ ಮೈಕ್ರೋಸಾಫ್ಟ್ ಓಡಿಬಿಸಿ ತಂದಿತು, ಬೇರೆ ಬೇರೆ ಡೇಟಾಬೇಸ್ ಜತೆ ಪ್ರೋಗ್ರಾಂ ಮಾತಾಡಲು ಒಂದು ಸಾಮಾನ್ಯ ದಾರಿ. ಅದರ ಜತೆ ಬಂದದ್ದು ಡಿಎಸ್ಎನ್ (ಡೇಟಾ ಸೋರ್ಸ್ ನೇಮ್) ಅನ್ನುವ ಏರ್ಪಾಡು. ಪ್ರೋಗ್ರಾಮಿಗೆ ಒಂದು ಹೆಸರು ಮಾತ್ರ ಗೊತ್ತಿರುತ್ತದೆ. ಆ ಹೆಸರಿನ ಹಿಂದೆ ಯಾವ ಸರ್ವರ್ ಇದೆ ಅನ್ನುವುದು ಕಂಪ್ಯೂಟರಿಗೆ ಗೊತ್ತಿರುತ್ತದೆ. ಹತ್ತು ಪ್ರೋಗ್ರಾಂ ಇದ್ದರೂ ಬದಲಾಯಿಸುವ ಜಾಗ ಒಂದೇ. ಒರೇಕಲ್‌ನ ಟಿಎನ್ಎಸ್‌ನೇಮ್ಸ್ ಫೈಲೂ ಇದೇ ತರದ್ದು. 1997ರಲ್ಲಿ ಜಾವಾ ಭಾಷೆಗೆ ಓಡಿಬಿಸಿಯಂಥದ್ದೇ ಜೆಡಿಬಿಸಿ ಬಂತು. ಮುಂದೆ ಪ್ರೋಗ್ರಾಮುಗಳನ್ನು ಓಡಿಸುವ ಅಪ್ಲಿಕೇಷನ್ ಸರ್ವರುಗಳು ಡೇಟಾ ಸೋರ್ಸನ್ನು ತಾವೇ ಇಟ್ಟುಕೊಂಡು ಪ್ರೋಗ್ರಾಮಿಗೆ ಹೆಸರು ಮಾತ್ರ ಕೊಡತೊಡಗಿದವು. ವಿಳಾಸ ಪ್ರೋಗ್ರಾಮಿನದಲ್ಲ, ಅದು ಓಡುವ ಜಾಗದ್ದು. ಈ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. ನಡುವೆ ಅದನ್ನು ನಾವು ಕೈಬಿಟ್ಟೆವು.

ಕೈಬಿಡಲು ಕಾರಣವೂ ಇತ್ತು. ಡಿಎಸ್ಎನ್ ಅನ್ನು ಪ್ರತಿ ಕಂಪ್ಯೂಟರಿನಲ್ಲೂ ಕೈಯಾರೆ ಮಾಡಬೇಕಿತ್ತು. ವಿಂಡೋಸ್ 64 ಬಿಟ್‌ಗೆ ಬಂದ ಮೇಲೆ ಒಂದೇ ಮಷಿನ್ನಿನಲ್ಲಿ ಎರಡು ಓಡಿಬಿಸಿ ಪಟ್ಟಿಗಳಾದವು. ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದು 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರಿನಲ್ಲಿ ಇರುವುದು 32 ಬಿಟ್‌ನದು. ಹೆಸರು ನೋಡಿ ಹೋದವರು ತಪ್ಪು ಪಟ್ಟಿಗೆ ಸೇರಿಸಿ, ಡಿಎಸ್ಎನ್ ಕಾಣುತ್ತಿಲ್ಲವಲ್ಲ ಅಂತ ಗಂಟೆಗಟ್ಟಲೆ ಹುಡುಕಿದ್ದಾರೆ.

ನಾನು ಹೆಚ್ಚು ಕೆಲಸ ಮಾಡಿದ್ದು ಡಾಟ್ ನೆಟ್ ಕಾಲದಲ್ಲಿ. ಪ್ರೋಗ್ರಾಂ ಬರೆದು ಓಡಿಸಲು ಮೈಕ್ರೋಸಾಫ್ಟ್ ಮಾಡಿದ ಈ ವ್ಯವಸ್ಥೆ ಬಂದದ್ದು 2002ರಲ್ಲಿ. 2005ರ ಎರಡನೇ ಆವೃತ್ತಿಯಲ್ಲಿ, ಪ್ರೋಗ್ರಾಮಿನ ಸೆಟ್ಟಿಂಗ್ ಇಡುವ ಕಾನ್ಫಿಗ್ ಫೈಲಿನೊಳಗೆ ಕನೆಕ್ಷನ್ ಸ್ಟ್ರಿಂಗಿಗೆಂದೇ ಬೇರೆ ಜಾಗ ಆಯಿತು. ಫೋಲ್ಡರ್ ಕಾಪಿ ಮಾಡಿದರೆ ಸೆಟ್ಟಿಂಗೂ ಜತೆಗೆ ಹೋಗುತ್ತದೆ, ಡಿಎಸ್ಎನ್ ಮಾಡುವ ತಾಪತ್ರಯ ಇಲ್ಲ. ನಮ್ಮಂಥ ಆಫೀಸುಗಳಿಗೆ ಅದು ದೊಡ್ಡ ನೆಮ್ಮದಿ. ಆದರೆ ಪ್ರಾಜೆಕ್ಟ್ ಒಂದರಿಂದ ಆರಾದಾಗ ಆ ಸಾಲೂ ಆರಾಯಿತು.

ಒಂದೇ ಕಡೆ ಇಡಲು ಎಲ್ಲರೂ ಮೊದಲು ಮಾಡುತ್ತಿದ್ದ ಪ್ರಯತ್ನ ಇದು: ಡೇಟಾಬೇಸ್ ಕೆಲಸವನ್ನೆಲ್ಲ ಎಲ್ಲ ಪ್ರಾಜೆಕ್ಟೂ ಬಳಸುವ ಒಂದು ಕ್ಲಾಸ್ ಲೈಬ್ರರಿಗೆ ಹಾಕಿ, ಸೆಟ್ಟಿಂಗನ್ನೂ ಅದರ ಕಾನ್ಫಿಗ್ ಫೈಲಿನಲ್ಲೇ ಬರೆಯುವುದು. ನೋಡಲು ಸರಿಯಾಗಿದೆ, ಅಲ್ವಾ? ಆದರೆ ಪ್ರೋಗ್ರಾಂ ಓಡುವಾಗ ಡಾಟ್ ನೆಟ್ ಓದುವುದು ಮುಖ್ಯ ಪ್ರೋಗ್ರಾಮಿನ ಕಾನ್ಫಿಗ್ ಮಾತ್ರ. ಲೈಬ್ರರಿಯ ಫೈಲನ್ನು ಅದು ತೆರೆಯುವುದೇ ಇಲ್ಲ. ಇದಕ್ಕಿಂತ ತೊಂದರೆ ಕೊಟ್ಟದ್ದು ಇನ್ನೊಂದು. ಕೋಡ್ ಬರೆಯಲು ಬಳಸುವ ವಿಷುಯಲ್ ಸ್ಟುಡಿಯೋದ ಸೆಟ್ಟಿಂಗ್ಸ್ ಪುಟದಲ್ಲಿ ಬರೆದ ಕನೆಕ್ಷನ್ ಸ್ಟ್ರಿಂಗ್, ಡೀಫಾಲ್ಟ್ (ಬೇರೇನೂ ಹೇಳದಿದ್ದರೆ ಬಳಸುವ) ಮೌಲ್ಯವಾಗಿ ಲೈಬ್ರರಿಯ ಡಿಎಲ್ಎಲ್ ಫೈಲಿನ ಒಳಗೇ ಸೇರಿಕೊಳ್ಳುತ್ತದೆ. ಮುಖ್ಯ ಕಾನ್ಫಿಗ್‌ನಲ್ಲಿ ಆ ಹೆಸರಿನ ಸಾಲು ಸಿಗದಿದ್ದರೆ ಪ್ರೋಗ್ರಾಂ ಏನೂ ಹೇಳದೆ ಆ ಡೀಫಾಲ್ಟನ್ನೇ ಹಿಡಿಯುತ್ತದೆ. ಗ್ರಾಹಕರ ಆಫೀಸಿನಲ್ಲಿ ಕೂತ ಪ್ರೋಗ್ರಾಂ ನಮ್ಮ ಡೆವಲಪರ್ ಮೇಜಿನ ಕಂಪ್ಯೂಟರನ್ನು ಹುಡುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೇರೆ ದಾರಿಗಳೂ ಇದ್ದವು. ಮಷಿನ್ ಕಾನ್ಫಿಗ್ ಅನ್ನುವ ಫೈಲಿನಲ್ಲಿ ಬರೆದರೆ ಆ ಕಂಪ್ಯೂಟರಿನ ಎಲ್ಲ ಪ್ರೋಗ್ರಾಮಿಗೂ ಸಿಗುತ್ತದೆ. ಆದರೆ ಅದೂ 32 ಬಿಟ್‌ಗೊಂದು, 64 ಬಿಟ್‌ಗೊಂದು. ಕಾನ್ಫಿಗ್ ಸೋರ್ಸ್ ಅನ್ನುವ ಸೌಲಭ್ಯ ಬಳಸಿ ಸಾಲುಗಳನ್ನು ಬೇರೆ ಫೈಲಿಗೆ ಹಾಕಬಹುದಿತ್ತು. ಆದರೆ ಆ ಫೈಲು ಅದೇ ಫೋಲ್ಡರಿನಲ್ಲೋ ಅದರ ಒಳಗಿನ ಫೋಲ್ಡರಿನಲ್ಲೋ ಇರಬೇಕು, ಮೇಲಿನ ಫೋಲ್ಡರಿಗೆ ಹೋಗುವ ಹಾಗಿಲ್ಲ. ಅಕ್ಕಪಕ್ಕದ ಪ್ರಾಜೆಕ್ಟುಗಳು ಹಂಚಿಕೊಳ್ಳಬೇಕೆಂದರೆ ಅಲ್ಲಿಗೆ ದಾರಿ ಮುಚ್ಚಿತು. ಒಂದು ಫೈಲನ್ನು ಎಲ್ಲ ಪ್ರಾಜೆಕ್ಟಿಗೂ ಲಿಂಕ್ ಆಗಿ ಸೇರಿಸುವುದು ಸ್ವಲ್ಪ ಮಟ್ಟಿಗೆ ನಡೆಯಿತು. ಆದರೂ ಬಿಲ್ಡ್ ಆದ ಮೇಲೆ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾದ ಮೇಲೆ, ಅದು ಮತ್ತೆ ಆರು ಕಾಪಿಯೇ.

ಕಾಪಿಗಳು ಸುಮ್ನೆ ಕಾಪಿಗಳಾಗಿಯೂ ಉಳಿಯುವುದಿಲ್ಲ. ಒಂದರಲ್ಲಿ ಸರ್ವರಿನ ಐಪಿ (ನೆಟ್‌ವರ್ಕಿನಲ್ಲಿ ಅದರ ಅಂಕಿ ವಿಳಾಸ), ಇನ್ನೊಂದರಲ್ಲಿ ಅದರ ಹೆಸರು. ಒಂದರಲ್ಲಿ ಯೂಸರ್ ಮೊದಲು, ಇನ್ನೊಂದರಲ್ಲಿ ಡೇಟಾಬೇಸ್ ಮೊದಲು. ಡಾಟ್ ನೆಟ್ ತೆರೆದ ಕನೆಕ್ಷನ್ನುಗಳನ್ನು ಮತ್ತೆ ಬಳಸಲೆಂದು ಪೂಲ್‌ನಲ್ಲಿ ಇಟ್ಟುಕೊಳ್ಳುವಾಗ ಸ್ಟ್ರಿಂಗ್ ಅಕ್ಷರಶಃ ಒಂದೇ ಇದೆಯಾ ಅಂತ ನೋಡುತ್ತದೆ. ಒಂದೇ ಪ್ರೋಗ್ರಾಮಿನೊಳಗೆ ಪದಗಳ ಕ್ರಮ ಬದಲಾದರೂ ಬೇರೆ ಪೂಲ್ ಹುಟ್ಟುತ್ತದೆ. ಒಂದೊಂದಕ್ಕೂ ಡೀಫಾಲ್ಟ್ ಮಿತಿ 100 ಕನೆಕ್ಷನ್.

ಒಂದು ಸಹಕಾರ ಸಂಘದಲ್ಲಿ ನಡೆದದ್ದು ಇವತ್ತಿಗೂ ಮನಸ್ಸಿನಲ್ಲಿದೆ. ಹೊಸ ಸರ್ವರ್ ತಂದೆವು. ಹಳೆಯದನ್ನು ಇರಲಿ ಅಂತ ಹಾಗೇ ಆನ್ ಬಿಟ್ಟೆವು. ಐದು ಪ್ರಾಜೆಕ್ಟಿನ ಸಾಲು ಬದಲಾಯಿಸಿದೆವು. ಪಿಗ್ಮಿ ಕಟ್ಟುವವರಿಗೆ ಸಂಜೆ ಬ್ಯಾಲೆನ್ಸ್ ಮೆಸೇಜ್ ಕಳಿಸುವ ಆರನೆಯದು ತಪ್ಪಿಹೋಯಿತು. ಎರರ್ ಏನೂ ಬರಲಿಲ್ಲ, ಹಳೇ ಸರ್ವರ್ ಉತ್ತರ ಕೊಡುತ್ತಲೇ ಇತ್ತಲ್ಲ. ನಾಲ್ಕನೇ ದಿನ ತರಕಾರಿ ಮಾರುವ ಒಬ್ಬ ಅಮ್ಮ ಫೋನು, ಪಾಸ್‌ಬುಕ್ ಎರಡನ್ನೂ ಹಿಡಿದು ಕೌಂಟರಿಗೆ ಬಂದರು. "ದಿನಾ ಕಟ್ತಾ ಇದೀನಿ, ಮೆಸೇಜಲ್ಲಿ ಏರ್ತಾನೇ ಇಲ್ಲಲ್ಲಣ್ಣ?" ಅಂದರು. ಅವರ ದುಡ್ಡು ಒಂದು ರೂಪಾಯಿಯೂ ಕಮ್ಮಿಯಾಗಿರಲಿಲ್ಲ. ಆದರೆ ಆ ನಾಲ್ಕು ದಿನ ಅವರು ಪಟ್ಟ ಆತಂಕ ನಿಜವಾದದ್ದು.

ಅಷ್ಟರಲ್ಲಿ ಹೊರಗೆ ಇನ್ನೊಂದು ಬದಲಾವಣೆ ಆಗಿತ್ತು. ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ, 2005ರಲ್ಲಿ ಬಂದ ಗಿಟ್ ನಿಧಾನವಾಗಿ ಎಲ್ಲ ಕಡೆ ಹರಡಿತು. ಕೋಡ್ ಜತೆ ಕಾನ್ಫಿಗ್ ಫೈಲೂ, ಅದರೊಳಗಿನ ಪಾಸ್‌ವರ್ಡೂ ಗಿಟ್ ಸೇರಿದವು. ಇವತ್ತು ಅಳಿಸಿದರೂ ಹಳೇ ಕಮಿಟ್‌ನಲ್ಲಿ, ಅಂದರೆ ಹಿಂದಿನ ದಾಖಲೆಯಲ್ಲಿ, ಅದು ಉಳಿದೇ ಇರುತ್ತದೆ. 2011ರಲ್ಲಿ ಹೆರೋಕು ಅನ್ನುವ ಕ್ಲೌಡ್ ಕಂಪನಿಯವರು ಪ್ರೋಗ್ರಾಂ ಕಟ್ಟುವವರಿಗೆ ಹನ್ನೆರಡು ಸೂತ್ರ ಬರೆದರು. ಮೂರನೆಯದು ಕಾನ್ಫಿಗ್ ಬಗ್ಗೆ: ಅದು ಕೋಡಿನಲ್ಲಿ ಬೇಡ, ಪ್ರೋಗ್ರಾಂ ಓಡುವ ಜಾಗವೇ ಅದಕ್ಕೆ ಕೊಡುವ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿರಲಿ. ನಿಮ್ಮ ಕೋಡನ್ನು ಈ ಕ್ಷಣವೇ ಜಗತ್ತಿಗೆ ತೆರೆದಿಟ್ಟರೆ ಯಾವ ಪಾಸ್‌ವರ್ಡೂ ಸೋರಬಾರದು ಅನ್ನುವುದು ಅವರ ಪರೀಕ್ಷೆ. 2016ರಲ್ಲಿ ಡಾಟ್ ನೆಟ್‌ನ ಹೊಸ ರೂಪವಾದ ಡಾಟ್ ನೆಟ್ ಕೋರ್ ಕೂಡ ಈ ಕಡೆ ತಿರುಗಿತು. ಅದರ ಯೂಸರ್ ಸೀಕ್ರೆಟ್ಸ್ ಅನ್ನುವ ಗುಟ್ಟಿನ ಸೆಟ್ಟಿಂಗ್ ಫೈಲು ಪ್ರಾಜೆಕ್ಟ್ ಫೋಲ್ಡರಿನ ಆಚೆ ಇರುತ್ತದೆ. ಹಲವು ಪ್ರಾಜೆಕ್ಟಿಗೆ ಒಂದೇ ಗುರುತು ಕೊಟ್ಟರೆ ಎಲ್ಲವೂ ಅದನ್ನೇ ಓದುತ್ತವೆ. ಆದರೆ ಅದು ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಡೆವಲಪ್‌ಮೆಂಟಿಗೆ ಮಾತ್ರ.

ದೊಡ್ಡ ಕಂಪನಿಗಳು ಇನ್ನೂ ಮುಂದೆ ಹೋಗಿವೆ. ಪಾಸ್‌ವರ್ಡುಗಳನ್ನು ಕಾಪಾಡುವ, 2015ರಲ್ಲಿ ಬಂದ ವಾಲ್ಟ್‌ನಂಥ ಸಾಫ್ಟ್‌ವೇರುಗಳು ಕೇಳಿದ ಪ್ರೋಗ್ರಾಮಿಗೆ ಸ್ವಲ್ಪ ಹೊತ್ತು ಬದುಕುವ ಡೇಟಾಬೇಸ್ ಯೂಸರನ್ನೇ ಮಾಡಿಕೊಡುತ್ತವೆ. ನಾಲ್ಕು ಜನರ ಆಫೀಸಿಗೆ ಅದನ್ನು ನಡೆಸುವುದೇ ಇನ್ನೊಂದು ನೌಕರಿ.

ಇಷ್ಟು ವರ್ಷದ ಜಗಳದಲ್ಲಿ ಎರಡು ಬೇರೆ ವಸ್ತುಗಳು ಒಂದೇ ಸಾಲಿನಲ್ಲಿ ಅಂಟಿಕೊಂಡಿವೆ. ಒಂದು ವಿಳಾಸ, ಇನ್ನೊಂದು ಪಾಸ್‌ವರ್ಡ್. ವಿಳಾಸವನ್ನು ಎಲ್ಲರೂ ಹಂಚಿಕೊಂಡಷ್ಟೂ ಒಳ್ಳೆಯದು. ಪಾಸ್‌ವರ್ಡ್ ಹಾಗಲ್ಲ. ಮೆಸೇಜ್ ಕಳಿಸುವ ಪ್ರೋಗ್ರಾಮಿಗೆ ಬ್ಯಾಲೆನ್ಸ್ ಓದುವ ಹಕ್ಕು ಸಾಕು, ಸಾಲದ ಟೇಬಲ್ ತಿದ್ದುವ ಹಕ್ಕು ಯಾಕೆ ಬೇಕು? ಎಲ್ಲ ಪ್ರಾಜೆಕ್ಟಿಗೂ ಎಲ್ಲ ಹಕ್ಕೂ ಇರುವ ಎಸ್ಎ ಯೂಸರನ್ನೇ ಕೊಟ್ಟಾಗ ಯಾವ ಪ್ರೋಗ್ರಾಂ ಏನು ಮಾಡಿತು ಅಂತ ಪತ್ತೆ ಮಾಡುವುದೂ ಕಷ್ಟ.

ಆ ಸಂಘದಲ್ಲಿ ಈಗ ಸರ್ವರಿಗೆ ಒಂದು ಹೆಸರಿದೆ. ಐಪಿಯನ್ನು ಯಾವ ಪ್ರಾಜೆಕ್ಟಿನಲ್ಲೂ ಬರೆಯುವುದಿಲ್ಲ. ಐದು ಪ್ರಾಜೆಕ್ಟಿಗೆ ಐದು ಯೂಸರ್. ಉಳಿದಿರುವುದು ಪಾಸ್‌ಬುಕ್ ಪ್ರಿಂಟ್ ಮಾಡುವ ಹಳೇ ವಿಬಿ6 (ವಿಷುಯಲ್ ಬೇಸಿಕ್ 6) ಪ್ರೋಗ್ರಾಂ ಒಂದು. ಅದರ ಕನೆಕ್ಷನ್ ಸ್ಟ್ರಿಂಗ್ ಪ್ರೋಗ್ರಾಮಿನೊಳಗೇ ಬೆಸೆದುಹೋಗಿದೆ, ಸೋರ್ಸ್ ಕೋಡ್ ಯಾರ ಬಳಿಯೂ ಇಲ್ಲ. ಅದಕ್ಕಾಗಿ ಕೌಂಟರಿನ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ವಿಳಾಸ ಅನ್ನುವ ಪಟ್ಟಿ), ಗುಜರಿಗೆ ಹೋದ ಹಳೇ ಸರ್ವರಿನ ಹೆಸರನ್ನು ಹೊಸ ಸರ್ವರಿಗೆ ತೋರಿಸಿ ಇಟ್ಟಿದ್ದೇವೆ. ಆ ಹಳೇ ಪ್ರೋಗ್ರಾಮಿನೊಳಗೆ ಬೆಸೆದಿರುವುದು ಎಸ್ಎ ಪಾಸ್‌ವರ್ಡೇ. ಆ ಪ್ರೋಗ್ರಾಂ ಹೊಸದಾಗಿ ಬರೆಯುವವರೆಗೆ ಆ ಪಾಸ್‌ವರ್ಡ್ ಬದಲಾಯಿಸುವಂತಿಲ್ಲ.