ಖಾಲಿ ಪ್ಯಾಕೆಟ್ ಬಿಸಾಡುವ ಮುಂಚೆ ಕತ್ತರಿಸಿ

ಚಾಕೊಲೇಟ್ ಕೊಡಬಹುದಾ, ದ್ರಾಕ್ಷಿ ತಿಂದರೆ ಏನಾಗುತ್ತೆ, ಈರುಳ್ಳಿ ಹಾಕಿದ ಅಡುಗೆ ಪರವಾಗಿಲ್ವಾ? ನಾಯಿ ಸಾಕಿದವರು ಪಶುವೈದ್ಯರ ಹತ್ತಿರ ಹೀಗೆಲ್ಲ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಚಿಪ್ಸ್ ತಿಂದು ಮುಗಿಸಿದ ಮೇಲೆ ಸೋಫಾದ ಮೇಲೆ ಬಿದ್ದಿರುವ ಖಾಲಿ ಪ್ಯಾಕೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ನಾಯಿ ವಿಷ ತಿಂದರೆ ಆಸ್ಪತ್ರೆಗೆ ಓಡಿ ಬರಲು ಸಾಮಾನ್ಯವಾಗಿ ಸ್ವಲ್ಪ ಸಮಯವಾದರೂ ಸಿಗುತ್ತದೆ. ಪ್ಯಾಕೆಟ್‌ನೊಳಗೆ ತಲೆ ಸಿಕ್ಕಿಕೊಂಡರೆ ಅದೂ ಸಿಗುವುದಿಲ್ಲ. 5 ನಿಮಿಷದೊಳಗೆ ಜೀವ ಹೋಗಬಹುದು.

ಇದು ಹೇಗಾಗುತ್ತದೆ ಎಂದು ಗೊತ್ತಾದರೆ ನೀವು ಮತ್ತೆಂದೂ ಪ್ಯಾಕೆಟ್ಟನ್ನು ಹಾಗೇ ಎಸೆಯುವುದಿಲ್ಲ. ಉಪ್ಪು, ಎಣ್ಣೆ, ಮಸಾಲೆಯ ಪುಡಿ ಎಲ್ಲ ಪ್ಯಾಕೆಟ್‌ನ ತಳದಲ್ಲಿ ಉಳಿದಿರುತ್ತದೆ. ವಾಸನೆ ಹಿಡಿದ ನಾಯಿ ಮೂತಿ ತೂರಿಸುತ್ತದೆ, ಇನ್ನೂ ಒಳಗೆ ತಳ್ಳುತ್ತದೆ. ಪ್ಯಾಕೆಟ್‌ನ ಬಾಯಿ ಕಿವಿ ದಾಟಿ ಕುತ್ತಿಗೆಯವರೆಗೆ ಬಂದು ಕೂರುತ್ತದೆ. ಈಗ ಅದು ಉಸಿರು ಎಳೆದುಕೊಂಡಾಗೆಲ್ಲ ಪ್ಯಾಕೆಟ್ ಒಳಕ್ಕೆ ಕುಗ್ಗಿ ಮೂಗು, ಬಾಯಿಗೆ ಅಂಟಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿರುತ್ತದೆ. ಬಿಟ್ಟ ಉಸಿರಿನಲ್ಲಿ ಅದು ಸುಮಾರು ಶೇ. 16ಕ್ಕೆ ಇಳಿದಿರುತ್ತದೆ. ಅದೇ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡರೆ ಆಮ್ಲಜನಕ ಬೇಗ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಗಾಬರಿಯಿಂದ ನಾಯಿ ಓಡಾಡುತ್ತದೆ, ಉಸಿರಾಟ ಜಾಸ್ತಿಯಾಗುತ್ತದೆ, ಉಳಿದ ಗಾಳಿಯೂ ಬೇಗ ಖಾಲಿಯಾಗುತ್ತದೆ.

‘ಕಾಲಿನಿಂದ ಕಿತ್ತು ಹಾಕಬಹುದಿತ್ತಲ್ವಾ ಡಾಕ್ಟ್ರೇ?’ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಚಿಪ್ಸ್ ಮೆತ್ತಗಾಗದಿರಲಿ ಎಂದು ಈ ಪ್ಯಾಕೆಟ್ಟುಗಳನ್ನು ಹಲವು ಪದರ ಪ್ಲಾಸ್ಟಿಕ್‌ನಿಂದ ಮಾಡಿ, ಒಳಗೆ ಅಲ್ಯೂಮಿನಿಯಂನ ತೆಳು ಲೇಪ ಕೊಟ್ಟಿರುತ್ತಾರೆ. ಗಾಳಿ ನುಸುಳಬಾರದು ಎಂದೇ ಮಾಡಿದ ವಸ್ತು ಅದು. ನಾಯಿಯ ಉಗುರು ಅದರ ಮೇಲೆ ಜಾರುತ್ತದೆ. ಕೊರಳಪಟ್ಟಿ ಇದ್ದರೆ ಪ್ಯಾಕೆಟ್‌ನ ಅಂಚು ಅದಕ್ಕೆ ಸಿಕ್ಕಿಕೊಂಡು ಇನ್ನೂ ಕಷ್ಟ. ದೊಡ್ಡ, ಬಲವಾದ ನಾಯಿಗಳೂ ಹೀಗೆ ಸತ್ತಿವೆ. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟ ಮೊದಲೇ ಕಷ್ಟ, ಅವು ಇನ್ನೂ ಬೇಗ ಸೋಲುತ್ತವೆ. ಬೊಗಳಲು ಉಸಿರೇ ಇಲ್ಲದಿರುವಾಗ ಪಕ್ಕದ ಕೋಣೆಯಲ್ಲಿ ಇರುವವರಿಗೂ ಗೊತ್ತಾಗುವುದಿಲ್ಲ.

ಬರೀ ಚಿಪ್ಸ್ ಅಲ್ಲ. ಬ್ರೆಡ್ ಕವರ್, ಸೀರಿಯಲ್ ಡಬ್ಬದ ಒಳಗಿನ ಕವರ್, ಬಿಸ್ಕತ್ತಿನ ದೊಡ್ಡ ಪ್ಯಾಕ್, ಎಲ್ಲವೂ ಅಪಾಯವೇ. ಜನ ಮರೆಯುವುದು ಸಾಕುಪ್ರಾಣಿಯ ಸ್ವಂತ ಆಹಾರದ ಚೀಲವನ್ನು! ಅದರ ಹೆಸರಿನಲ್ಲೇ ತಂದದ್ದು, ಅದಕ್ಕೆ ತುಂಬ ಇಷ್ಟವಾದ ವಾಸನೆಯದ್ದು. ಬೆಕ್ಕುಗಳು ಕವರಿನ ಹಿಡಿಕೆಯೊಳಗೆ ಕುತ್ತಿಗೆ ಸಿಕ್ಕಿಸಿಕೊಳ್ಳುವುದು, ಡಬ್ಬಿ ಮತ್ತು ಜಾರ್‌ಗಳಲ್ಲಿ ತಲೆ ಸಿಕ್ಕಿಸಿಕೊಳ್ಳುವುದು ಹೆಚ್ಚು.

ನಾನು ಎಲ್ಲರಿಗೂ ಹೇಳುವುದು ಒಂದೇ ಅಭ್ಯಾಸ. ಪ್ಯಾಕೆಟ್ ಖಾಲಿಯಾದ ಕೂಡಲೇ ತಳ ಮತ್ತು ಒಂದು ಪಕ್ಕವನ್ನು ಪೂರ್ತಿ ಕತ್ತರಿಸಿ, ಹಾಳೆಯಂತೆ ಬಿಡಿಸಿ. ಆಗ ತಲೆ ತೂರಿಸಲು ಜಾಗವೇ ಇರುವುದಿಲ್ಲ. ಸಣ್ಣ ಚೂರುಗಳಾಗಿ ಮಾತ್ರ ಕತ್ತರಿಸಬೇಡಿ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಲವರು ಪ್ಯಾಕೆಟ್ಟಿಗೆ ಗಂಟು ಹಾಕಿ ಎಸೆಯುತ್ತಾರೆ. ಗಂಟು ಬಿಚ್ಚಬಹುದು, ಇಡೀ ಗಂಟನ್ನೇ ನಾಯಿ ನುಂಗಲೂಬಹುದು. ಕತ್ತರಿಸುವುದೇ ವಾಸಿ. ಆಮೇಲೆ ಗಟ್ಟಿಯಾಗಿ ಮುಚ್ಚುವ ಡಸ್ಟ್‌ಬಿನ್‌ಗೆ ಹಾಕಿ, ಅದನ್ನೂ ಕಪಾಟಿನೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಜಾರ್ ತೊಳೆದು ಮುಚ್ಚಳ ಹಾಕಿ ಬಿಸಾಡಿ. ತಿನ್ನುವಾಗಲೂ ಚಿಪ್ಸನ್ನು ಬಟ್ಟಲಿಗೆ ಸುರಿದುಕೊಳ್ಳಿ. ಮಕ್ಕಳಿಗೆ, ಮನೆಗೆ ಬರುವ ನೆಂಟರಿಗೆ ಇದನ್ನು ಹೇಳಲೇಬೇಕು. ನಿಮ್ಮ ಎಚ್ಚರ ಅವರಿಗೆ ಇರುವುದಿಲ್ಲ.

ಒಂದು ವೇಳೆ ತಲೆ ಸಿಕ್ಕಿಕೊಂಡಿದ್ದನ್ನು ಕಂಡರೆ ಮೊದಲು ಮೂಗಿನ ಹತ್ತಿರ ಪ್ಯಾಕೆಟ್ಟನ್ನು ಮುಖದಿಂದ ದೂರಕ್ಕೆ ಹಿಡಿದೆಳೆದು ಹರಿಯಿರಿ, ಇಲ್ಲವೇ ಕತ್ತರಿಸಿ. ಗಾಳಿ ಹೋಗುವಂತಾಗಲಿ, ಉಳಿದದ್ದನ್ನು ಆಮೇಲೆ ತೆಗೆದರಾಯಿತು. ನಾಯಿ ಬಿದ್ದಿದ್ದು ಉಸಿರಾಡದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಎದೆ ಒತ್ತಲು ಶುರು ಮಾಡಿ. ಪಕ್ಕಕ್ಕೆ ಮಲಗಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆಯ ಅಗಲದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಒತ್ತಬೇಕು. 30 ಸಲ ಒತ್ತಿದ ಮೇಲೆ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ 2 ಸಲ ಉಸಿರು ಊದಿ. ಬೆಕ್ಕು ಅಥವಾ ತೀರಾ ಚಿಕ್ಕ ನಾಯಿಯಾದರೆ ಎದೆಯನ್ನು ಒಂದೇ ಕೈಯಲ್ಲಿ ಸುತ್ತ ಹಿಡಿದು ಒತ್ತಬಹುದು. ಜೊತೆಗೆ ಯಾರಾದರೂ ಇದ್ದರೆ ಅವರು ಆಸ್ಪತ್ರೆಗೆ ಫೋನ್ ಮಾಡಿ ಗಾಡಿ ತೆಗೆಯಲಿ.

ಬದುಕಿದ ನಾಯಿ ಎದ್ದು ಬಾಲ ಅಲ್ಲಾಡಿಸಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೂ ಅವತ್ತೇ ವೈದ್ಯರಿಗೆ ತೋರಿಸಿ. ಮುಚ್ಚಿದ ದಾರಿಯಲ್ಲಿ ಜೋರಾಗಿ ಉಸಿರೆಳೆದಾಗ ಎದೆಯೊಳಗೆ ಬೀಳುವ ಒತ್ತಡದಿಂದ ಶ್ವಾಸಕೋಶಕ್ಕೆ ನೀರು ಸೇರಬಹುದು. ಅದು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಮುಂದಿನ ಎರಡು ದಿನ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ. ನಿಮಿಷಕ್ಕೆ 30 ದಾಟಿ ಏರುತ್ತಲೇ ಇದ್ದರೆ, ಕೆಮ್ಮು ಶುರುವಾದರೆ, ಒಸಡು ನೀಲಿಯಾಗಿ ಅಥವಾ ಬಿಳಿಚಿಕೊಂಡಂತೆ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಹೊರಡಿ.