ಹಾಳೂರಿಗೆ ಉಳಿದವರೇ ಗೌಡರಾದಾಗ

2013ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಬೀದಿ ದೀಪಗಳಲ್ಲಿ ಹತ್ತಕ್ಕೆ ನಾಲ್ಕು ಉರಿಯುತ್ತಿರಲಿಲ್ಲ. ಕಂಬಗಳು ಇದ್ದವು. ಎಷ್ಟೋ ಕಡೆ ಒಳಗಿನ ತಾಮ್ರದ ತಂತಿಯನ್ನು ಕಳ್ಳರು ಕಿತ್ತುಕೊಂಡು ಹೋಗಿದ್ದರು. ಆ ವರ್ಷ ಜುಲೈನಲ್ಲಿ ನಗರಾಡಳಿತ ಸುಮಾರು 1,800 ಕೋಟಿ ಡಾಲರ್ ಸಾಲ ತೀರಿಸಲಾರದೆ ದಿವಾಳಿ ಅರ್ಜಿ ಹಾಕಿತು.

1950ರಲ್ಲಿ ಇದೇ ನಗರದಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. ದಿವಾಳಿಯಾದಾಗ ಉಳಿದವರು ಹೆಚ್ಚುಕಮ್ಮಿ 7 ಲಕ್ಷ. ಆದರೆ ರಸ್ತೆ, ನೀರಿನ ಪೈಪು, ದೀಪದ ಕಂಬ ಎಲ್ಲವೂ 18 ಲಕ್ಷ ಜನರಿಗೆಂದು ಹಾಕಿದವು. ಜನ ಹೋದರೂ ಪೈಪು ಹೋಗಲ್ಲ ಅಲ್ವಾ? ಅದರ ಖರ್ಚು ಉಳಿದವರ ತಲೆ ಮೇಲೆ ಬೀಳುತ್ತದೆ. ತೆರಿಗೆ ಏರುತ್ತದೆ, ಸೌಲಭ್ಯ ಇಳಿಯುತ್ತದೆ. ಅದನ್ನು ನೋಡಿ ಇನ್ನಷ್ಟು ಜನ ಗಂಟುಮೂಟೆ ಕಟ್ಟುತ್ತಾರೆ.

ಹಳ್ಳಿಯಲ್ಲೂ ನಡೆಯುವುದು ಇದೇ, ಅಳತೆ ಮಾತ್ರ ಚಿಕ್ಕದು. ಮೊದಲು ಕೆಲಸ ಹೋಗುತ್ತದೆ. ಅದರ ಹಿಂದೆ ಹರೆಯದವರು ಹೋಗುತ್ತಾರೆ. ಮಕ್ಕಳಿಲ್ಲ ಎಂದು ಶಾಲೆ ಮುಚ್ಚುತ್ತದೆ, ಜನ ಇಲ್ಲ ಎಂದು ಬಸ್ಸು ನಿಲ್ಲುತ್ತದೆ. ಶಾಲೆಯೂ ಬಸ್ಸೂ ಇಲ್ಲದ ಊರಿಗೆ ಹೊಸ ಸಂಸಾರ ಯಾಕೆ ಬಂದೀತು?

‘ಹಾಳೂರಿಗೆ ಉಳಿದವನೇ ಗೌಡ’ ಅಂತ ನಮ್ಮಲ್ಲೊಂದು ಗಾದೆ ಇದೆ. ಊರುಗಳನ್ನು ಎತ್ತಿ ನಿಲ್ಲಿಸಲು ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷ ನಡೆದ ಪ್ರಯತ್ನಗಳನ್ನು ಓದುವಾಗ ಈ ಗಾದೆ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಯಾಕೆಂದರೆ ಹಾಳಾದ ಊರಲ್ಲಿ ಉಳಿದವರನ್ನು ಯಾರೂ ಗೌಡರನ್ನಾಗಿ ಮಾಡಲೇ ಇಲ್ಲ. ತೀರ್ಮಾನ ಯಾವಾಗಲೂ ಹೊರಗಿನಿಂದ ಬಂತು. ಅದು ಬದಲಾದ ಕಡೆ ಮಾತ್ರ ಕಥೆ ಬೇರೆ ಆಯಿತು.

ಮೊದಲ ಉಪಾಯ ಒಡೆಯುವುದು. 1853ರಿಂದ ಪ್ಯಾರಿಸ್ಸಿನ ಹಳೇ ಕೇರಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ಮಾಡಿಸಿದವನು ಓಸ್ಮನ್ ಎಂಬ ಅಧಿಕಾರಿ. ನಗರಕ್ಕೆ ಗಾಳಿ ಬೆಳಕು ಬಂತು, ಚರಂಡಿ ಬಂತು. ಕೇರಿಯ ಬಡವರು ಮಾತ್ರ ನಗರದ ಅಂಚಿಗೆ ಹೋಗಬೇಕಾಯಿತು. ನೂರು ವರ್ಷದ ಮೇಲೆ ಅಮೆರಿಕವೂ ಅದೇ ದಾರಿ ಹಿಡಿಯಿತು. 1949ರ ವಸತಿ ಕಾಯ್ದೆ ಸ್ಲಂಗಳನ್ನು ಕೆಡವಲು ನಗರಗಳಿಗೆ ಕೇಂದ್ರದ ಹಣ ಕೊಟ್ಟಿತು.

ಆ ಕಾಲದ ಒಂದು ಕೂಸು ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ. 11 ಅಂತಸ್ತಿನ 33 ಕಟ್ಟಡ, 2,870 ಮನೆ. ಖರ್ಚು ಉಳಿಸಲು ಲಿಫ್ಟ್ ಎಲ್ಲ ಮಹಡಿಗೂ ನಿಲ್ಲದಂತೆ ಮಾಡಿದ್ದರು. 1, 4, 7, 10 ಇಷ್ಟೇ. ಮಿಕ್ಕ ಮಹಡಿಯವರು ಅಲ್ಲಿ ಇಳಿದು ಮೆಟ್ಟಿಲು ಹಿಡಿಯಬೇಕು. ಕೈಯಲ್ಲಿ ಮಗು, ಹೆಗಲಲ್ಲಿ ಸಾಮಾನಿನ ಚೀಲ ಇರುವ ತಾಯಿಯನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು, ಇದು ಬೇಡ ಅನ್ನುತ್ತಿದ್ದಳು. ಕಟ್ಟಡಗಳ ದುರಸ್ತಿ ಬಾಡಿಗೆಯ ಹಣದಲ್ಲೇ ಆಗಬೇಕಿತ್ತು. ಆದರೆ ನಗರದಿಂದಲೇ ಜನ ಖಾಲಿಯಾಗುತ್ತಿದ್ದರು. ಬಾಡಿಗೆದಾರರು ಕಮ್ಮಿಯಾದಂತೆ ದುರಸ್ತಿ ನಿಂತಿತು, ದುರಸ್ತಿ ನಿಂತಂತೆ ಇನ್ನಷ್ಟು ಮಂದಿ ಬಿಟ್ಟುಹೋದರು. 1954ರಲ್ಲಿ ಜನ ವಾಸಕ್ಕೆ ಬಂದರು. 1972ರಲ್ಲಿ ಸರ್ಕಾರವೇ ಮೊದಲ ಕಟ್ಟಡವನ್ನು ಸಿಡಿಮದ್ದಿಟ್ಟು ಉರುಳಿಸಿತು.

ಇಷ್ಟರಲ್ಲಿ ಊರು ಹಾಳಾಗುವ ಕಾರಣಗಳೇ ಬದಲಾಗಿದ್ದವು. 1956ರ ಏಪ್ರಿಲ್‌ನಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು 58 ಲೋಹದ ಪೆಟ್ಟಿಗೆ ಹೊತ್ತು ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಹೊರಟಿತು. ನಾವು ಇವತ್ತು ಕಂಟೇನರ್ ಅನ್ನುತ್ತೇವಲ್ಲ, ಅದರ ಶುರು ಅದು. ಮೂಟೆ ಹೊರುವ ಸಾವಿರಾರು ಕೂಲಿಗಳ ಕೆಲಸವನ್ನು ಒಂದು ಕ್ರೇನ್ ನುಂಗಿತು. ಕಂಟೇನರ್ ಹಡಗುಗಳಿಗೆ ಆಳವಾದ ನೀರು, ವಿಶಾಲವಾದ ಜಾಗ ಬೇಕು. ಲಂಡನ್ನಿನ ಹಳೇ ಹಡಗುಕಟ್ಟೆಗಳಲ್ಲಿ ಎರಡೂ ಇರಲಿಲ್ಲ. 1960ರ ದಶಕದ ಕೊನೆಯಿಂದ 1981ರ ಒಳಗೆ ಒಂದರ ಹಿಂದೆ ಒಂದು ಮುಚ್ಚಿದವು. ಅಲ್ಲಿನ ಕೂಲಿಗಳ ತಪ್ಪು ಅದರಲ್ಲಿ ಏನೂ ಇರಲಿಲ್ಲ.

1981ರಲ್ಲಿ ಬ್ರಿಟಿಷ್ ಸರ್ಕಾರ ಆ ಜಾಗಕ್ಕೆಂದೇ ಒಂದು ಅಭಿವೃದ್ಧಿ ನಿಗಮ ಮಾಡಿತು. ಯಾವ ಕಟ್ಟಡಕ್ಕೆ ಅನುಮತಿ ಕೊಡಬೇಕು ಅನ್ನುವ ಅಧಿಕಾರವನ್ನು ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ತೆಗೆದು ಅದಕ್ಕೆ ಕೊಟ್ಟಿತು. ಅಲ್ಲಿ ಎದ್ದ ಕ್ಯಾನರಿ ವಾರ್ಫ್ ಇಂದು ದೊಡ್ಡ ಬ್ಯಾಂಕುಗಳ ಜಾಗ. ಜಾಗ ಬದುಕಿತು, ಒಪ್ಪೋಣ. ಆದರೆ ಬ್ಯಾಂಕಿನ ಕೆಲಸ ಮೂಟೆ ಹೊತ್ತವನಿಗೆ ಸಿಗುವಂಥದ್ದಲ್ಲ. ಹಣವಂತರು ಬಂದು, ಬಾಡಿಗೆ ಏರಿ, ಹಳಬರು ಜಾಗ ಬಿಡುವ ಪಾಡಿಗೆ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲೇ, ಇದೇ ಲಂಡನ್ನಿನ ಬೇರೆ ಬಡಾವಣೆಗಳನ್ನು ನೋಡಿ, ಜೆಂಟ್ರಿಫಿಕೇಶನ್ ಎಂದು ಹೆಸರಿಟ್ಟಿದ್ದರು.

ಜರ್ಮನಿಯ ರೂರ್ ಕಣಿವೆ ಹಿಡಿದ ದಾರಿ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಅದು ಕಲ್ಲಿದ್ದಲು, ಉಕ್ಕಿನ ನಾಡು. ಅಲ್ಲಿನ ಎಮ್ಶರ್ ನದಿಯನ್ನು ನೂರು ವರ್ಷ ಕಾಂಕ್ರೀಟ್ ಹಾಕಿದ ಬಯಲು ಚರಂಡಿ ಮಾಡಿಟ್ಟಿದ್ದರು. ಅದಕ್ಕೂ ಕಾರಣ ಇತ್ತು. ಗಣಿ ತೋಡಿ ತೋಡಿ ನೆಲ ಕುಸಿಯುತ್ತಿತ್ತು, ನೆಲದಡಿ ಪೈಪು ಹಾಕಿದರೆ ಒಡೆದುಹೋಗುತ್ತಿತ್ತು. ಗಣಿಗಳು ಮುಚ್ಚಿದ ಮೇಲಷ್ಟೇ ಕೊಳಚೆಯನ್ನು ನೆಲದ ಕೆಳಗೆ ಕಳಿಸಲು ಆಯಿತು. 1992ರಲ್ಲಿ ಶುರುವಾದ ಕೆಲಸ, 2021ರ ಕೊನೆಗೆ ನದಿ ಪೂರ್ತಿ ಕೊಳಚೆಮುಕ್ತ. ಸುಮಾರು ಮೂವತ್ತು ವರ್ಷ! ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಮುಗಿಯುವ ಕೆಲಸ ಇದಲ್ಲ.

ಅಲ್ಲಿ ಎಲ್ಲ ಕುಲುಮೆಗಳನ್ನೂ ಕೆಡವಲಿಲ್ಲ. ಡ್ಯೂಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆ 1985ರಲ್ಲಿ ಮುಚ್ಚಿತ್ತು, 1994ರಲ್ಲಿ ಅದೇ ಉದ್ಯಾನವಾಯಿತು. ಗ್ಯಾಸ್ ತುಂಬುತ್ತಿದ್ದ ದೊಡ್ಡ ಟ್ಯಾಂಕಿಗೆ ನೀರು ತುಂಬಿದ್ದಾರೆ, ಜನ ಅದರೊಳಗೆ ಡೈವಿಂಗ್ ಕಲಿಯುತ್ತಾರೆ. ಅದಿರು ಸುರಿಯುತ್ತಿದ್ದ ಗೋಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಜೀವಮಾನವೆಲ್ಲ ಅಲ್ಲಿ ದುಡಿದವನು ಮೊಮ್ಮಗನ ಕೈ ಹಿಡಿದು ಹೋಗಿ ‘ನಾನು ನಿಲ್ಲುತ್ತಿದ್ದ ಜಾಗ ಇದು’ ಎಂದು ತೋರಿಸಬಹುದು. ಕೆಡವಿದ್ದರೆ ತೋರಿಸಲು ಏನಿರುತ್ತಿತ್ತು?

ಸ್ಪೇನಿನ ಬಿಲ್ಬಾವೊ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1997ರಲ್ಲಿ ಅಲ್ಲಿ ಗುಗನ್‌ಹೈಮ್ ಮ್ಯೂಸಿಯಂ ತೆರೆದ ಮೇಲೆ ಒಂದು ಮ್ಯೂಸಿಯಂ ಕಟ್ಟಿದರೆ ನಗರ ಎದ್ದು ನಿಲ್ಲುತ್ತೆ ಅಂತ ಲೋಕವೆಲ್ಲ ನಂಬಿತು. ಅದಕ್ಕೂ ಮೊದಲೇ ನದಿಗೆ ಬೀಳುವ ಕೊಳಚೆ ತಡೆಯುವ ಕೆಲಸಕ್ಕೆ ಬಿಲ್ಬಾವೊ ಕೈಹಾಕಿತ್ತು, 1995ರಲ್ಲೇ ಮೆಟ್ರೊ ಓಡಿಸಿತ್ತು. ಫೋಟೊದಲ್ಲಿ ಚರಂಡಿ ಕಾಣುವುದಿಲ್ಲ, ಅಷ್ಟೇ.

ಬರೀ ಆಕರ್ಷಣೆ ನೆಚ್ಚಿದರೆ ಏನಾಗುತ್ತದೆ ಅನ್ನುವುದನ್ನು ಜಪಾನಿನ ಯೂಬರಿಯಲ್ಲಿ ನೋಡಬಹುದು. 1960ರಲ್ಲಿ ಈ ಕಲ್ಲಿದ್ದಲು ಪಟ್ಟಣದಲ್ಲಿ ಒಂದು ಲಕ್ಷಕ್ಕೂ ಮೀರಿ ಜನ. ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಪ್ರವಾಸಿಗರು ಬರಲಿ ಎಂದು ಆಡಳಿತ ಸಾಲ ಮಾಡಿ ಥೀಮ್ ಪಾರ್ಕ್ ಕಟ್ಟಿಸಿತು, ಹಿಮದಾಟದ ರೆಸಾರ್ಟ್ ನಡೆಸಿತು. 2007ರ ಹೊತ್ತಿಗೆ ಸುಮಾರು 3,500 ಕೋಟಿ ಯೆನ್ ಸಾಲ ಹೊತ್ತು ಅಧಿಕೃತವಾಗಿ ದಿವಾಳಿ. ಶಾಲೆಗಳನ್ನು ಸೇರಿಸಿ ಒಂದೇ ಪ್ರಾಥಮಿಕ ಶಾಲೆ ಉಳಿಸಿಕೊಂಡರು. ಚೆಲ್ಲಾಪಿಲ್ಲಿಯಾಗಿದ್ದ ಮನೆಗಳವರನ್ನು ಒಂದು ಕಡೆ ಸೇರಿಸುತ್ತ ಬಂದರು. ಚಿಕ್ಕದಾದ ಊರು ಚಿಕ್ಕದಾಗಿಯೇ ಚೆನ್ನಾಗಿ ಬದುಕುವುದು ಹೇಗೆ ಎಂದು ಅವರು ಕಷ್ಟದಲ್ಲಿ ಕಲಿಯಬೇಕಾಯಿತು.

ಅದೇ ಜಪಾನಿನ ಕಮಿಕತ್ಸು ಹಳ್ಳಿಯ ಕಥೆ ಬೇರೆ. 1981ರ ಕೊರೆಯುವ ಚಳಿಗೆ ಅಲ್ಲಿನ ಕಿತ್ತಳೆ ಜಾತಿಯ ಮರಗಳು ಹೆಚ್ಚುಕಮ್ಮಿ ಎಲ್ಲ ಸತ್ತವು. ಉಳಿದವರಲ್ಲಿ ವಯಸ್ಸಾದವರೇ ಹೆಚ್ಚು. ಕೃಷಿ ಸಹಕಾರ ಸಂಘದ ಒಬ್ಬ ನೌಕರ ಹೋಟೆಲ್ ಊಟದ ತಟ್ಟೆಯಲ್ಲಿ ಅಲಂಕಾರಕ್ಕೆ ಇಟ್ಟಿದ್ದ ಎಲೆ ನೋಡಿದರು. ಇಂಥ ಎಲೆ ನಮ್ಮೂರ ಬೆಟ್ಟದಲ್ಲಿ ಸುಮ್ನೆ ಉದುರುತ್ತಲ್ಲ ಅಂತ ಹೊಳೆಯಿತು. 1986ರಲ್ಲಿ ಎಲೆ ಮಾರಾಟ ಶುರುವಾಯಿತು. ಬೆಟ್ಟ ಯಾರ ಕೈಯಳತೆಯಲ್ಲಿತ್ತೋ ಆ ಅಜ್ಜಿಯರೇ ಕೆಲಸಗಾರರು. ಎಲೆ ಹಗುರ, ಬೆನ್ನು ಬಗ್ಗಿದವರೂ ಹೊರಬಹುದು. ಇವತ್ತು ಅವರು ಟ್ಯಾಬ್ಲೆಟ್‌ನಲ್ಲಿ ಆರ್ಡರ್ ನೋಡಿಕೊಂಡು ಯಾವ ಎಲೆಗೆ ಬೇಡಿಕೆ ಅಂತ ತಿಳಿದು ಕೊಯ್ಯುತ್ತಾರೆ. ಹಳ್ಳಿಯ ಜನಸಂಖ್ಯೆ ಇಳಿಯುವುದು ಇದರಿಂದ ನಿಂತಿಲ್ಲ, ಅದನ್ನೂ ಹೇಳಬೇಕು. ಆದರೆ ಉಳಿದವರಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಇದೆ.

ಇನ್ನು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಎಗ್ ದ್ವೀಪ. ತಲೆಮಾರುಗಳಿಂದ ಅದು ಯಾರೋ ಒಬ್ಬ ಸಿರಿವಂತನ ಆಸ್ತಿ. ದ್ವೀಪದವರು ಬಾಡಿಗೆದಾರರು, ಯಾವಾಗ ಬಿಡಿಸುತ್ತಾರೋ ಗೊತ್ತಿಲ್ಲ. ನಾಳೆ ಇರುತ್ತೇವೋ ಇಲ್ಲವೋ ಎನ್ನುವ ಮನೆಗೆ ಯಾರು ಹೊಸ ಸೂರು ಹಾಕಿಸುತ್ತಾರೆ? ಜನ 65ರ ಆಸುಪಾಸಿಗೆ ಇಳಿದಿದ್ದರು. ಅವರು ಚಂದಾ ಎತ್ತಲು ಹೊರಟರು. ಸಾವಿರಾರು ಮಂದಿ ಚಿಕ್ಕ ಚಿಕ್ಕ ಮೊತ್ತ ಕಳಿಸಿದರು. ಹೆಸರು ಹೇಳದ ಒಬ್ಬ ಮಹಿಳೆ ದೊಡ್ಡ ಪಾಲು ಕೊಟ್ಟರು. 1997ರ ಜೂನ್‌ನಲ್ಲಿ ಸುಮಾರು 15 ಲಕ್ಷ ಪೌಂಡ್‌ಗೆ ದ್ವೀಪ ಅಲ್ಲಿನವರೂ ಸೇರಿದ ಟ್ರಸ್ಟಿನದಾಯಿತು. ಸ್ಕಾಟ್ಲೆಂಡ್ 2003ರಲ್ಲಿ ಮಾಡಿದ ಭೂಸುಧಾರಣಾ ಕಾಯ್ದೆ, ಊರವರಿಗೆ ತಮ್ಮ ನೆಲ ಕೊಳ್ಳುವ ಹಕ್ಕಿಗೆ ದಾರಿ ಮಾಡಿತು.

ಮೊದಲು ಅಲ್ಲಿ ಕರೆಂಟ್ ಅಂದರೆ ಮನೆಮನೆಯ ಡೀಸೆಲ್ ಜನರೇಟರ್. 2008ರ ಫೆಬ್ರವರಿಯಲ್ಲಿ ನೀರು, ಗಾಳಿ, ಬಿಸಿಲಿನಿಂದ ನಡೆಯುವ ತಮ್ಮದೇ ವಿದ್ಯುತ್ ಜಾಲ ಹಾಕಿಕೊಂಡರು. ಒಂದು ಮನೆಗೆ ಒಂದು ಸಲಕ್ಕೆ 5 ಕಿಲೋವ್ಯಾಟ್, ಅದಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಈ ಮಿತಿಯನ್ನು ಅವರೇ ಕೂತು ಮಾತಾಡಿ ಒಪ್ಪಿಕೊಂಡದ್ದು. ಒಲೆ, ಕೆಟಲ್, ವಾಷಿಂಗ್ ಮೆಷಿನ್ ಎಲ್ಲ ಒಟ್ಟಿಗೆ ಹಾಕುವ ಮುಂಚೆ ಒಮ್ಮೆ ಮೀಟರ್ ನೋಡುತ್ತಾರೆ. ದ್ವೀಪದಲ್ಲಿ ಈಗ ನೂರಕ್ಕೂ ಹೆಚ್ಚು ಜನ ಇದ್ದಾರೆ, ಶಾಲೆಯೂ ನಡೆಯುತ್ತಿದೆ.