ಕಾಡಿನ ಚಿತ್ರದ ನಡುವೆ ದಾರಿ ಯಾಕೆ?

ಗದಗು, ನಾಟಕ ಕಂಪನಿ ಕಟ್ಟಿದ ಗರುಡ ಸದಾಶಿವರಾಯರ ಊರು. ಈ ಬಯಲುಸೀಮೆಯ ಎಷ್ಟೋ ಹಿರಿಯರು ದಟ್ಟ ಕಾಡನ್ನು ಮೊದಲು ನೋಡಿದ್ದು ಕಂಪನಿ ನಾಟಕದ ಪರದೆ ಮೇಲೆ. ರಾಮ ವನವಾಸಕ್ಕೆ ಹೊರಟ ಅಂದ್ರೆ ಅರಮನೆ ಪರದೆ ಮೇಲಕ್ಕೆ, ಕಾಡಿನ ಪರದೆ ಕೆಳಕ್ಕೆ. ಎರಡೂ ಕಡೆ ಮರ, ನಡುವೆ ಚೊಕ್ಕ ದಾರಿ. ಕಾಡಿನೊಳಗೆ ಅದನ್ನು ಗುಡಿಸಿಟ್ಟವರು ಯಾರೋ!

ಕಾಡನ್ನು ಬರೆಯುವುದು ಕಷ್ಟ. ಒಳಗೆ ನಿಂತರೆ ದೂರ ಅನ್ನೋದೇ ಇಲ್ಲ, ಬರೀ ಕಾಂಡ, ಎಲೆ. ರಾಜಸ್ಥಾನದ ಬೂಂದಿಯ ಕಿರುಚಿತ್ರಗಾರರು ದೂರದ ಗೋಜಿಗೆ ಹೋಗದೆ ಎಲೆ ಎಲೆ ಬಿಡಿಸಿದರು. ಬಾಳೆ ಯಾವುದು, ಮಾವು ಯಾವುದು ಎಂದು ಗುರುತು ಹಿಡಿಯಬಹುದು. ಜರ್ಮನಿಯ ಆಲ್ಟ್‌ಡಾರ್ಫರ್ 1510ರಲ್ಲಿ ಬರೆದ ಸಂತ ಜಾರ್ಜ್‌ನ ಪುಟ್ಟ ಚಿತ್ರದಲ್ಲಿ ಕುದುರೆ ಸವಾರನೇ ಎಲೆಗಳ ರಾಶಿಯಲ್ಲಿ ಮುಳುಗಿದ್ದಾನೆ. ಆದರೂ ಕೆಳಗೆ ಬಲಕ್ಕೆ ಒಂದು ಕಿಂಡಿ ಇದೆ, ಆಚೆ ಬೆಟ್ಟ ಕಾಣುತ್ತದೆ. ಅದಿಲ್ಲದಿದ್ದರೆ ನೋಡುವವರಿಗೆ ಉಸಿರು ಕಟ್ಟುತ್ತಿತ್ತು. ನಮ್ಮ ಪರದೆಯ ದಾರಿಯೂ ಅದೇ ಕೆಲಸ ಮಾಡುತ್ತದೆ, ಅಲ್ವಾ?

1841ರಲ್ಲಿ ಬಣ್ಣ ತುಂಬಿಡುವ ತಗಡಿನ ಟ್ಯೂಬ್ ಬಂತು. ಎಣ್ಣೆಬಣ್ಣ ಹೊತ್ತು ಕಾಡಿಗೇ ಹೋಗುವುದು ಸಲೀಸಾಯಿತು. ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡಿನಲ್ಲಿ ಚಿತ್ರಗಾರರು ಬೀಡುಬಿಟ್ಟರು. ಹಳೆಯ ಓಕ್ ಮರಗಳಿಗೆ ಕೊಡಲಿ ಬೀಳುವುದನ್ನು ನೋಡಲಾರದೆ ಅವರಲ್ಲೊಬ್ಬನಾದ ಥಿಯೊಡೋರ್ ರೂಸೋ 1852ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. 1861ರಲ್ಲಿ ಸಾವಿರಕ್ಕೂ ಜಾಸ್ತಿ ಹೆಕ್ಟೇರ್ ಕಾಡನ್ನು ಚಿತ್ರಕ್ಕೆಂದೇ ಮೀಸಲಿಟ್ಟರು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡ ಅಮೆರಿಕದ ಯೆಲ್ಲೋಸ್ಟೋನ್ ಆದದ್ದು ಅದಾಗಿ 11 ವರ್ಷಕ್ಕೆ.

ನಮ್ಮ ಕಡೆ ಈ ವಿದ್ಯೆ ಬಂದದ್ದು ಮುಂಬೈ ದಾರಿಯಲ್ಲಿ. ಪಾರ್ಸಿ ನಾಟಕಗಳಿಂದ ಪರದೆ, 1857ರಲ್ಲಿ ಶುರುವಾದ ಅಲ್ಲಿನ ಜೆ.ಜೆ. ಕಲಾಶಾಲೆಯಿಂದ ಪಾಠ. ಡಿ.ವಿ. ಹಾಲಭಾವಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾಮಂದಿರ ಕಟ್ಟಿದರು. ನಿಸರ್ಗಚಿತ್ರ ಕಲಿಯುವ ಹುಡುಗರು ಬೋರ್ಡು ಹಿಡಿದು ಹೊರಗೆ ಕೂರತೊಡಗಿದರು. ಜಲವರ್ಣದಲ್ಲಿ ಬಿಸಿಲು ಅಂದ್ರೆ ಬಣ್ಣ ಹಚ್ಚದೆ ಸುಮ್ನೆ ಬಿಟ್ಟ ಕಾಗದ. ಆ ಕಿಂಡಿ ಇಲ್ಲಿ ನಿಜಕ್ಕೂ ಖಾಲಿ ಜಾಗ.

ಆದರೂ ಬಹಳ ಮನೆಗಳ ಗೋಡೆಯಲ್ಲಿ ತೂಗುವುದು ಹಚ್ಚಹಸಿರು ಕಾಡು, ಪಕ್ಕದಲ್ಲಿ ಒಂದು ತೊರೆ. ನಮ್ಮದೇ ಕಪ್ಪತಗುಡ್ಡ ಹಾಗಿಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಈ ಗುಡ್ಡದ ತುಂಬ ಕುರುಚಲು ಗಿಡ, ಮುಳ್ಳು, ಹುಲ್ಲು. ಎಲ್ಲಿ ಕೂತರೂ ಆಕಾಶ ಕಾಣುತ್ತದೆ, ಕಿಂಡಿ ಬಿಡುವ ಉಸಾಬರಿಯೇ ಇಲ್ಲ. ಬೇಸಿಗೆಯಲ್ಲಿ ಹೋದರೆ ಹಸಿರು ಟ್ಯೂಬು ಹಾಗೇ ಉಳಿಯುತ್ತದೆ. ಮೊದಲು ಖಾಲಿಯಾಗುವುದು ಮಣ್ಣಿನ ಹಳದಿಯ ಯೆಲ್ಲೋ ಓಕರ್, ಆಮೇಲೆ ಕೆಂಗಂದಿನ ಬರ್ನ್ಟ್ ಸಿಯೆನಾ.